ಮಾಘ ಬಹುಳ ಅಮಾವಾಸ್ಯೆ

"ಈ ದಿನಾಂಕ ನಿಮಗೆ ಯಾರು ಹೇಳಿದರು?" ಎಂದು ಮಿಸ್ ಲಿಮ್ ಇಂಗ್ಲಿಷಿನಲ್ಲಿ ಕೇಳಿದಾಗ ನಿರುಪಮಾ ಕನ್ನಡಕ ಹುಡುಕುವವಳ ಹಾಗೆ ಚೀಲಕ್ಕೆ ಕೈಹಾಕಿದಳು. ಕನ್ನಡಕ ಮೂಗಿನ ಮೇಲೇ ಇತ್ತು.

ಮೇಜಿನ ಮೇಲೆ ಒಂದೇ ಒಂದು ಹಾಳೆ. ಹತ್ತು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ತುಂಬಿ ಕಳಿಸಿದ್ದ ಅರ್ಜಿಯ ಪ್ರತಿ ಅದು. ಹೆಸರು, ಶ್ರೀಕಂಠ. ಕೆಲಸ, ಭೌತಶಾಸ್ತ್ರದ ಮೇಷ್ಟ್ರು. ಬಂಧನದ ದಿನ, 16 ನವೆಂಬರ್ 1995. ಸಾವಿನ ದಿನ, 18 ಫೆಬ್ರವರಿ 1996. ಕೊನೆಯ ಸಾಲಿಗೆ ಮಿಸ್ ಲಿಮ್ ಹಳದಿ ಬಣ್ಣ ಬಳಿದಿದ್ದಳು.

"ಪುರೋಹಿತರು," ಅಂದಳು ನಿರುಪಮಾ. ಆಮೇಲೆ ಇಂಗ್ಲಿಷಿಗೆ ತಿರುಗಿಸಿ, "ಪ್ರೀಸ್ಟ್," ಅಂದಳು.

"ಅವರು ಆಗ ಸೊರಾಂಬಾದಲ್ಲಿದ್ದರಾ?"

"ಇಲ್ಲ. ಮೈಸೂರಿನಲ್ಲಿದ್ದರು."

ಮಿಸ್ ಲಿಮ್ ಪೆನ್ನು ಕೆಳಗಿಟ್ಟಳು. ಒಳ್ಳೆಯ ಹುಡುಗಿ. ನಿರುಪಮಾಳ ಲೆಕ್ಕದಲ್ಲಿ ಮೂವತ್ತೈದರವರೆಲ್ಲ ಹುಡುಗಿಯರೇ. ಸೊರಾಂಬಾ ಎಂಬ ಆಫ್ರಿಕಾದ ಆ ಪುಟ್ಟ ದೇಶವನ್ನು ಹತ್ತು ವರ್ಷ ಆಳಿದ ಜನರಲ್ ಮಕಾರು ಈಗ ಎಂಬತ್ತನಾಲ್ಕರ ಮುದುಕ. ಹೃದಯದ ಚಿಕಿತ್ಸೆಗೆಂದು ಸಿಂಗಪುರಕ್ಕೆ ಬಂದವನು ಇಲ್ಲೇ ಒಂದು ಐಷಾರಾಮಿ ಕಾಂಡೋ ಫ್ಲಾಟಿನಲ್ಲಿ ನೆಲೆಯೂರಿದ್ದ. ಅವನನ್ನು ವಿಚಾರಣೆಗೆ ಒಪ್ಪಿಸಿ ಎಂದು ಅವನ ದೇಶ ಕೇಳಿತ್ತು. ಆ ಕೋರಿಕೆಯನ್ನು ಇಲ್ಲಿನ ಕೋರ್ಟಿನ ಮುಂದಿಡುವ ಕೆಲಸ ಸರ್ಕಾರಿ ವಕೀಲೆಯಾದ ಮಿಸ್ ಲಿಮ್‌ದು. ಮೊದಲು ಹದಿನಾಲ್ಕು ಜನರ ಸಾವಿನ ಪಟ್ಟಿ ಇತ್ತು. ಅದರಲ್ಲಿ ಕೆಲವರ ಕಾಗದಪತ್ರ ಸುಟ್ಟುಹೋಗಿದ್ದವು, ಕೆಲವರ ಮನೆಯವರು ಹೆದರಿ ಹಿಂದೆ ಸರಿದಿದ್ದರು, ಉಳಿದ ಸಾಕ್ಷಿಗಳು ವಯಸ್ಸಾಗಿ ಸತ್ತಿದ್ದರು. ಈಗ ಉಳಿದದ್ದು ಒಂದೇ ಹೆಸರು. ಪರದೇಶದ ಮೇಷ್ಟ್ರು, ಕಾಗದವನ್ನೆಲ್ಲ ಜೋಪಾನವಾಗಿಟ್ಟ ಹೆಂಡತಿ. ಆ ಹೆಂಡತಿ ಇಲ್ಲೇ ಹೌಗಾಂಗ್ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಎಂಆರ್‌ಟಿ ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ಕೋರ್ಟಿಗೆ ಬರುತ್ತಾಳೆ. ಇದಕ್ಕಿಂತ ಗಟ್ಟಿ ಕೇಸು ಎಲ್ಲಿದೆ ಎಂದು ಹೋದ ತಿಂಗಳು ಮಿಸ್ ಲಿಮ್ಮೇ ಹೇಳಿದ್ದಳು.

"ಜನರಲ್ ಅಧಿಕಾರ ಕಳೆದುಕೊಂಡಿದ್ದು ಜನವರಿ ಮೂವತ್ತಕ್ಕೆ," ಎಂದು ಈಗ ಅವಳು ನಿಧಾನವಾಗಿ ಹೇಳಿದಳು. "ಆ ಸಂಜೆಯೇ ವಿಮಾನ ಹತ್ತಿ ಓಡಿಹೋದ. ನಿಮ್ಮ ಗಂಡ ತೀರಿಕೊಂಡಿದ್ದು ಫೆಬ್ರವರಿ ಹದಿನೆಂಟಕ್ಕೆ ಅಂತ ನೀವೇ ಬರೆದು ಸಹಿ ಹಾಕಿದ್ದೀರಿ. ಆ ದಿನ ಅವನು ಆ ದೇಶದಲ್ಲೇ ಇರಲಿಲ್ಲ. ಅವನ ವಕೀಲರು ಇದನ್ನು ಹಿಡಿದುಕೊಂಡಿದ್ದಾರೆ."

ನಿರುಪಮಾ ಪಕ್ಕದಲ್ಲಿ ಕೂತಿದ್ದ ಅಳಿಯ ಸಂಕೇತ್‌ನ ಮುಖ ನೋಡಿದಳು. ಅವನು ಹಾಳೆಯನ್ನೇ ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

ಶ್ರೀಕಂಠ ಆ ದೇಶಕ್ಕೆ ಹೋಗಿದ್ದು ಸರ್ಕಾರಿ ಶಾಲೆಯ ಕರಾರಿನ ಮೇಲೆ. ಆ ಕಾಲಕ್ಕೆ ಮೈಸೂರಿನ ಎಷ್ಟೋ ಮೇಷ್ಟ್ರುಗಳು ಹಾಗೆ ಹೋಗುತ್ತಿದ್ದರು. ಲೆಂಗಾ ಎಂಬ ಊರು, ಕೆಂಪು ಮಣ್ಣಿನ ಮೈದಾನ, ತಗಡಿನ ಮಾಡಿನ ಶಾಲೆ. ಮಗಳು ಗಗನಾ ಅಲ್ಲೇ ನಡೆಯಲು ಕಲಿತಳು. ಆ ನವೆಂಬರಿನಲ್ಲಿ ಅವನ ತರಗತಿಯ ಮೂವತ್ತೊಂದು ಹುಡುಗರು ಶಾಲೆ ಬಿಟ್ಟು ಜನರಲ್‌ನ ವಿರುದ್ಧ ಮೆರವಣಿಗೆಗೆ ಹೋದರು. ಮರುದಿನ ಸೈನ್ಯದವರು ಹಾಜರಿ ಪುಸ್ತಕ ಕೇಳಿ ಕಳಿಸಿದರು. ಗೈರುಹಾಜರಾದವರ ಹೆಸರು ಸಿಕ್ಕರೆ ಸಾಕಿತ್ತು. ಶ್ರೀಕಂಠ ಪುಸ್ತಕವನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಬಿಚ್ಚಿಟ್ಟು, ಮೂವತ್ತೊಂದು ಹುಡುಗರಿಗೂ ಹಾಜರಿ ಹಾಕಿದ. ನಿರುಪಮಾ ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತ ನೋಡುತ್ತಿದ್ದಳು.

"ಸುಳ್ಳು ಬರೀತಿದೀರಲ್ಲ," ಅಂದಿದ್ದಳು.

"ಹಾಜರಿ ಹಾಕೋದು ಮೇಷ್ಟ್ರ ಕೆಲಸ, ನಾನು ಹಾಕ್ದೆ," ಅಂದಿದ್ದ.

ಮೆರವಣಿಗೆಯ ದಿನ ತರಗತಿಗೆ ಬೀಗ ಹಾಕಿತ್ತು ಎಂದು ಗೊತ್ತಾಗಲು ಸೈನ್ಯದವರಿಗೆ ನಾಲ್ಕು ದಿನ ಹಿಡಿಯಿತು. ಗುರುವಾರ ಬೆಳಿಗ್ಗೆ ಜೀಪು ಬಂತು. ಶ್ರೀಕಂಠ ಬೂಟು ಹಾಕಿಕೊಂಡು, ಲೇಸು ಕಟ್ಟಿಕೊಂಡು, ಬಾಗಿಲಲ್ಲಿ ತಿರುಗಿ, "ಮೂರು ವಿಷಲ್ ಆಯ್ತು ನೋಡು, ಕುಕ್ಕರ್ ಆಫ್ ಮಾಡು," ಅಂದ. ಅವಳು ಒಳಗೆ ಹೋಗಿ ಆಫ್ ಮಾಡಿ ಬರುವಷ್ಟರಲ್ಲಿ ಜೀಪು ಹೊರಟಿತ್ತು. ಇಷ್ಟು ವರ್ಷವಾದರೂ ಅವಳಿಗೆ ಆ ಕುಕ್ಕರಿನ ಮೇಲೆ ಸಿಟ್ಟಿದೆ. ಅಷ್ಟರಲ್ಲಿ ಊರು ಬಿಟ್ಟಿದ್ದ ಆ ಹುಡುಗರಲ್ಲಿ ಒಬ್ಬನೂ ಸಿಕ್ಕಿಬೀಳಲಿಲ್ಲ.

ಅವನನ್ನು ಕೂಡಿಹಾಕಿದ್ದ ಸೈನ್ಯದ ಬ್ಯಾರಕ್ಕಿನ ಅಡುಗೆಯವನೊಬ್ಬ ಮುಂದೆ ಹೇಳಿಕೆ ಕೊಟ್ಟಿದ್ದ. ಆ ಇಂಡಿಯದ ಮೇಷ್ಟ್ರು ಮಾಂಸ ಮುಟ್ಟುತ್ತಿರಲಿಲ್ಲ, ಬರೀ ಅನ್ನ ಕೇಳುತ್ತಿದ್ದರು, ಡಿಸೆಂಬರ್ ಕೊನೆಯವರೆಗೂ ನಾನೇ ಕೊಟ್ಟಿದ್ದೇನೆ, ಆಮೇಲೊಂದು ಬೆಳಿಗ್ಗೆ ಕೋಣೆ ಖಾಲಿಯಾಗಿತ್ತು, ನೆಲ ತೊಳೆದಿದ್ದರು. ಅವನೂ ಈಗಿಲ್ಲ.

ಮಗುವನ್ನು ಕಟ್ಟಿಕೊಂಡು ಮೈಸೂರಿಗೆ ಬಂದ ನಿರುಪಮಾ ಅತ್ತೆಯ ಜೊತೆ ಹನ್ನೆರಡು ವರ್ಷ ಕಾದಳು. ಅತ್ತೆ ದಿನಾ ಮಧ್ಯಾಹ್ನ ಮಗನಿಗೂ ಒಂದು ತಟ್ಟೆ ಹಾಕಿಸುತ್ತಿದ್ದರು. ಅನ್ನ, ಸಾರು, ಪಲ್ಯ, ಎಲ್ಲ ಬಡಿಸಬೇಕು. ಸಂಜೆಯವರೆಗೆ ಅದು ಹಾಗೇ ಇರಬೇಕು. ಅನ್ನ ಚೆಲ್ಲುವ ಮನೆಯಲ್ಲವಲ್ಲ, ಸಂಜೆ ಆ ತಣ್ಣನೆಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ತಿನ್ನುತ್ತಿದ್ದವಳು ನಿರುಪಮಾ. ಹನ್ನೆರಡು ವರ್ಷ ಅವಳ ರಾತ್ರಿಯ ಊಟ ಅದೇ. ಯಾರ ಹತ್ತಿರವೂ ಹೇಳಲಿಲ್ಲ, ಆದರೆ ಆ ತಟ್ಟೆಯನ್ನು ಅವಳು ಮನಸಾರೆ ದ್ವೇಷಿಸುತ್ತಿದ್ದಳು.

ಕಾಣೆಯಾದವರಿಗೆ ಶಾಸ್ತ್ರ ಹೇಳುವ ಹನ್ನೆರಡು ವರ್ಷ ತುಂಬಿದ ಮೇಲೆ ಮೈದುನ ಉಮೇಶನೇ ಮಾತೆತ್ತಿದ. ಪಶ್ಚಿಮವಾಹಿನಿಯ ದಂಡೆಯಲ್ಲಿ ಮುತ್ತುಗದ ಎಲೆಯಲ್ಲಿ ಮನುಷ್ಯನ ಆಕಾರ ಮಾಡಿ, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಟ್ಟು, ಸುಟ್ಟು, ಸಂಸ್ಕಾರ ಮುಗಿಸಿದರು. ವರ್ಷವರ್ಷ ಶ್ರಾದ್ಧ ಮಾಡುವುದಕ್ಕೆ ಒಂದು ತಿಥಿ ಬೇಕಲ್ಲ. ಪುರೋಹಿತರಾದ ಯೋಗೇಶ ಶಾಸ್ತ್ರಿಗಳು, ಹಿಡಿದುಕೊಂಡು ಹೋದ ದಿನವನ್ನೇ ಇಟ್ಟುಕೊಳ್ಳಬಹುದು ಅಂದರು. ಅತ್ತೆ ಒಪ್ಪಲಿಲ್ಲ.

"ಆವತ್ತು ನನ್ನ ಮಗ ಬೂಟು ಹಾಕ್ಕೊಂಡು ನಡ್ಕೊಂಡು ಹೋಗಿದಾನೆ. ನಡೀತಾ ಇರೋನಿಗೆ ಪಿಂಡ ಇಡ್ತಾರಾ ಶಾಸ್ತ್ರಿಗಳೇ?"

ಶಾಸ್ತ್ರಿಗಳು, "ಹಾಗಾದ್ರೆ ಮಾಘ ಬಹುಳ ಅಮಾವಾಸ್ಯೆ ಇಟ್ಕೊಳ್ಳಿ. ದಿನ ಗೊತ್ತಿಲ್ದೋರಿಗೆ ಶಾಸ್ತ್ರದಲ್ಲಿ ಅದನ್ನ ಹೇಳಿದೆ," ಅಂದರು. ಅಂದು ಮಧ್ಯಾಹ್ನ ಮನೆಯಲ್ಲಿ ತಟ್ಟೆ ಒಂದು ಕಡಿಮೆಯಾಯಿತು. ಗಂಡನನ್ನು ಸುಟ್ಟು ಬಂದ ದಿನ ನಿರುಪಮಾ ಬಿಸಿ ಅನ್ನ ಉಂಡಳು. ಉಂಡು ಹಾಯೆನಿಸಿತು, ಹಾಯೆನಿಸಿದ್ದಕ್ಕೆ ಅತ್ತಳು.

ಕಚೇರಿಯಿಂದ ಹೊರಬಿದ್ದು ಎಂಆರ್‌ಟಿಯಲ್ಲಿ ಕೂತಮೇಲೆ ಸಂಕೇತ್ ಮೂರು ಸ್ಟೇಷನ್ ಫೋನಿನಲ್ಲಿ ಆ ಹಳೆಯ ಅರ್ಜಿಯನ್ನೇ ತಿರುವುತ್ತಿದ್ದ. ಸಾಫ್ಟ್‌ವೇರ್ ಕೆಲಸದವನು, ಮನೆಯಲ್ಲಿ ಯಾವ ಅರ್ಜಿ ಬಂದರೂ ತುಂಬುವವನು ಅವನೇ. ಸೊರಾಂಬಾದಲ್ಲಿ ಹೊಸ ಸರ್ಕಾರ ಬಂದು, ಕಾಣೆಯಾದವರ ವಿವರ ಕೊಡಿ ಎಂದು ವೆಬ್‌ಸೈಟ್ ತೆರೆದಾಗ ಅವನು ಒಂದು ಶನಿವಾರವಿಡೀ ಕೂತು ತುಂಬಿದ್ದ.

"ಅತ್ತೆ, ಅದು ಮ್ಯಾಂಡೇಟರಿ ಫೀಲ್ಡ್ ಆಗಿತ್ತು," ಅಂದ ಕೊನೆಗೆ. "ಡೇಟ್ ಆಫ್ ಡೆತ್. ಖಾಲಿ ಬಿಟ್ರೆ ಸಬ್ಮಿಟ್ ಆಗ್ತಾನೇ ಇರ್ಲಿಲ್ಲ. ಅನ್‌ನೋನ್ ಅಂತ ಟೈಪ್ ಮಾಡಿದ್ರೆ ರೆಡ್ ಬರ್ತಿತ್ತು."

"ನೀನು ನನ್ನ ಕೇಳಿದೆ. ನಾನು ಮಾಘ ಅಮಾವಾಸ್ಯೆ ಅಂದೆ."

"ನಾನು ಆನ್‌ಲೈನ್ ಪಂಚಾಂಗದಲ್ಲಿ ಕನ್ವರ್ಟ್ ಮಾಡ್ದೆ. ತೊಂಬತ್ತಾರಕ್ಕೆ ಫೆಬ್ರವರಿ ಹದಿನೆಂಟು ಬಂತು." ಅವನು ಹಣೆ ಉಜ್ಜಿಕೊಂಡ. "ಎರಡು ಸಲ ಚೆಕ್ ಮಾಡ್ದೆ ಅತ್ತೆ. ಕರೆಕ್ಟಾಗೇ ಇತ್ತು."

ಕರೆಕ್ಟಾಗೇ ಇತ್ತು, ಅದೇ ತೊಂದರೆ. ಅಳಿಯನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು. ಪ್ರತಿ ವರ್ಷ ತನಗೆ ಗೊತ್ತೇ ಇರದ ಮಾವನಿಗೆ ರಜೆ ಹಾಕಿ, ಪಂಚೆ ಉಟ್ಟು, ಕಂಪ್ಯೂಟರಿನಲ್ಲಿ ಶಾಸ್ತ್ರಿಗಳು ಹೇಳಿಕೊಟ್ಟ ಮಂತ್ರ ಹೇಳುವ ಹುಡುಗ. ಯಾರು ಮಾಡುತ್ತಾರೆ ಅಷ್ಟು?

"ಕೋರ್ಟಲ್ಲಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ," ಅಂದಳು. "ಅರ್ಥ ಮಾಡ್ಕೊಳ್ತಾರೆ. ಇಲ್ಲಿ ಚೀನೀಯರೂ ಸತ್ತೋರಿಗೆ ಅಂತ ಒಂದು ತಿಂಗಳು ಕಾಗದದ ದುಡ್ಡು ಸುಡ್ತಾರಲ್ಲ."

ಜನವರಿಯ ಮೂರನೆಯ ವಾರ ವಿಚಾರಣೆ. ದುಭಾಷಿ ಬೇಕೇ ಎಂದು ಕೇಳಿದ್ದಕ್ಕೆ ನಿರುಪಮಾ ಬೇಡ ಅಂದಿದ್ದಳು. ಗಂಡನ ವಿಷಯ ಇನ್ನೊಬ್ಬರ ಬಾಯಿಂದ ಹೋಗುವುದು ಅವಳಿಗೆ ಇಷ್ಟವಿರಲಿಲ್ಲ. ಬೂದು ಬಣ್ಣದ ಮೈಸೂರು ಸಿಲ್ಕ್ ಉಟ್ಟು ಹೋಗಿದ್ದಳು. ಕೋರ್ಟಿನೊಳಗೆ ಕೊರೆಯುವ ಎಸಿ. ಗಾಲಿಕುರ್ಚಿಯಲ್ಲಿ ಜನರಲ್ ಮಕಾರು ಇದ್ದ, ಮೊಣಕಾಲ ಮೇಲೆ ಕಂಬಳಿ, ಕುತ್ತಿಗೆ ಒಂದು ಕಡೆ ವಾಲಿತ್ತು. ಲೆಂಗಾದ ಅಂಚೆ ಕಚೇರಿಯಲ್ಲಿ, ಶಾಲೆಯಲ್ಲಿ, ಬ್ರೆಡ್ ಅಂಗಡಿಯಲ್ಲಿ ಅವಳು ನೋಡಿದ್ದ ದೊಡ್ಡ ಮೀಸೆಯ ಫೋಟೋಕ್ಕೂ ಈ ಮನುಷ್ಯನಿಗೂ ಏನೂ ಸಂಬಂಧವಿರಲಿಲ್ಲ. ಅವಳು ಹಾದುಹೋಗುವಾಗ ಅವನು ಕಣ್ಣು ಬಿಟ್ಟು, ವಯಸ್ಸಾದವರು ಎದುರು ಬಂದವರಿಗೆಲ್ಲ ಮಾಡುವ ಹಾಗೆ, ತಲೆ ಆಡಿಸಿದ. ನಿರುಪಮಾಳ ಎರಡು ಕೈಯೂ ತಾವಾಗಿಯೇ ನಮಸ್ಕಾರಕ್ಕೆ ಅರ್ಧ ಮೇಲೆದ್ದವು. ಅವಳು ಗಾಬರಿಯಿಂದ ಕೆಳಗಿಳಿಸಿದಳು. ಅರವತ್ತಾರು ವರ್ಷದ ಅಭ್ಯಾಸ. ಆ ನಾಚಿಕೆಯಿಂದ ಅವಳು ಆ ದಿನವಿಡೀ ಚೇತರಿಸಿಕೊಳ್ಳಲಿಲ್ಲ.

ಜನರಲ್‌ನ ವಕೀಲ ನರೆಗೂದಲಿನ ಸಭ್ಯ ಮನುಷ್ಯ. ಮೊದಲು ನೀರು ಬೇಕೇ ಎಂದು ಕೇಳಿದ. ಆಮೇಲೆ ಶುರುಮಾಡಿದ.

"ಪ್ರತಿ ವರ್ಷ ಈ ತಿಥಿಯಂದು ನಿಮ್ಮ ಮನೆಯಲ್ಲಿ ಒಂದು ವಿಧಿ ನಡೆಯುತ್ತದೆ, ಅಲ್ಲವೇ?"

"ಹೌದು."

"ಸತ್ತವರಿಗೆ ಮಾತ್ರ ಮಾಡುವಂಥದ್ದು?"

"ಹೌದು."

"ಕಾಟಾಚಾರಕ್ಕೆ ಮಾಡುತ್ತೀರೋ, ನಂಬಿ ಮಾಡುತ್ತೀರೋ?"

"ನಂಬಿ."

"ಅಂದರೆ ನಿಮ್ಮ ಗಂಡ ಆ ದಿನ ಸತ್ತರೆಂದು ಹತ್ತೊಂಬತ್ತು ವರ್ಷದಿಂದ ನಂಬಿದ್ದೀರಿ."

"ಅಲ್ಲ," ಅಂದಳು ನಿರುಪಮಾ. ಇದಕ್ಕೆ ಅವಳು ಸಿದ್ಧವಾಗಿ ಬಂದಿದ್ದಳು. ಮಿಸ್ ಲಿಮ್ ಜೊತೆ ಕೂತು ವಾಕ್ಯ ವಾಕ್ಯ ಅಭ್ಯಾಸ ಮಾಡಿದ್ದಳು. "ಸತ್ತ ದಿನ ಗೊತ್ತಿಲ್ಲದವರಿಗೆ ನಮ್ಮಲ್ಲಿ ಆ ದಿನ ಗೊತ್ತುಮಾಡಿದ್ದಾರೆ. ಅದು ವಿಧಿಗೆ ಮಾತ್ರ. ನಿಜವಾದ ದಿನ ಅಲ್ಲ."

ಅವಳು ಚೆನ್ನಾಗಿ ಹೇಳಿದಳು. ಮಿಸ್ ಲಿಮ್ ಸಣ್ಣಗೆ ತಲೆಯಾಡಿಸಿದಳು. ವಕೀಲನೂ ತಲೆಯಾಡಿಸಿದ, ಆ ಉತ್ತರಕ್ಕೇ ಕಾದಿದ್ದವನ ಹಾಗೆ.

"ಹಾಗಾದರೆ ನಿಜವಾದ ದಿನ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲ."

"ಜನವರಿ ಮೂವತ್ತಕ್ಕೆ ಮುಂಚೆಯೋ ಆಮೇಲೋ, ಅದೂ ಗೊತ್ತಿಲ್ಲ."

"ಅಡುಗೆಯವನು ಹೇಳಿದ್ದಾನೆ, ಡಿಸೆಂಬರ್ ಆದಮೇಲೆ..."

"ಕೋಣೆ ಖಾಲಿಯಾಗಿತ್ತು ಎಂದಿದ್ದಾನೆ. ಕೋಣೆ ಖಾಲಿಯಾಗುವುದಕ್ಕೆ ಎಷ್ಟೋ ಕಾರಣ ಇರುತ್ತವೆ. ದೇಹ ನೋಡಿದವರು ಯಾರಾದರೂ ಇದ್ದಾರೆಯೇ?"

"ಇಲ್ಲ."

"ಅವರ ಬಟ್ಟೆ? ಬೂಟು?"

"ಇಲ್ಲ."

"ಕ್ಷಮಿಸಿ, ಮೇಡಂ. ಕೇಳಲೇಬೇಕಾಗಿದೆ." ಅವನಿಗೆ ನಿಜಕ್ಕೂ ಸಂಕೋಚವಾಗಿದ್ದ ಹಾಗಿತ್ತು. "ನಿಮ್ಮ ಗಂಡ ಸತ್ತಿದ್ದಾರೆ ಎಂದು ನಿಮಗೆ ಗೊತ್ತೇ?"

ಗೊತ್ತು ಅಂದುಬಿಡಬಹುದಿತ್ತು. ಗಗನಾ ಬೆಂಚಿನ ತುದಿಗೆ ಸರಿದು ಕೂತು, ಹೇಳಮ್ಮ, ಹೇಳು ಎನ್ನುವಂತೆ ನೋಡುತ್ತಿದ್ದಳು. ಎಲ್ಲರಿಗೂ ಗೊತ್ತಿದ್ದದ್ದೇ. ಆ ಗಾಲಿಕುರ್ಚಿಯವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಆದರೆ ಅವನು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ನಿರುಪಮಾ ಪ್ರಮಾಣ ಮಾಡಿ ನಿಂತಿದ್ದಳು. ಬೂಟಿನ ಲೇಸು ಕಟ್ಟಿಕೊಂಡು ಮೆಟ್ಟಿಲಿಳಿದವನನ್ನು ಬಿಟ್ಟರೆ ಅವಳು ಕಣ್ಣಾರೆ ಕಂಡದ್ದು ಮುತ್ತುಗದ ಎಲೆ, ತೆಂಗಿನಕಾಯಿ.

"ಗೊತ್ತಿಲ್ಲ," ಅಂದಳು.

ವಕೀಲ ವಂದಿಸಿ ಕೂತ. ಅವನಿಗೆ ಬೇಕಾದ್ದು ಸಿಕ್ಕಿತ್ತು. ಬರೆದ ದಿನಾಂಕ ನಿಜವಾದರೆ ಕೊಂದವನು ಜನರಲ್ ಅಲ್ಲ. ದಿನಾಂಕ ಸುಳ್ಳಾದರೆ ಸತ್ತದ್ದಕ್ಕೇ ಸಾಕ್ಷಿ ಇಲ್ಲ.

ಫೆಬ್ರವರಿ ಹನ್ನೊಂದಕ್ಕೆ ಆದೇಶ ಬಂತು. ಕೋರಿಕೆ ತಳ್ಳಿಹಾಕಲಾಗಿದೆ. ಮಿಸ್ ಲಿಮ್ ಫೋನ್ ಮಾಡಿದಾಗ ನಿರುಪಮಾ ಮನೆಯ ಬ್ಲಾಕಿನ ಕೆಳಗಿನ ತೆರೆದ ಅಂಗಳದಲ್ಲಿ, ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದಳು.

"ಮೇಲ್ಮನವಿ ಮಾಡಬಹುದಾ?"

"ಅವರ ಸರ್ಕಾರ ಹೇಳಬೇಕು." ಆಚೆ ಫೈಲು ಮುಚ್ಚಿದ ಸದ್ದಾಯಿತು. "ಅಲ್ಲಿ ಚುನಾವಣೆ ಆಯಿತಲ್ಲ, ಹೊಸಬರಿಗೆ ಇದರಲ್ಲಿ ಆಸಕ್ತಿ ಇಲ್ಲ. ಐ ಆ್ಯಮ್ ವೆರಿ ಸಾರಿ, ಆಂಟಿ."

ಇಷ್ಟು ದಿನ ಮೇಡಂ ಅನ್ನುತ್ತಿದ್ದವಳು ಅಂದು ಆಂಟಿ ಅಂದಳು. ಕೇಸು ಮುಗಿಯಿತು ಎಂದು ನಿರುಪಮಾಗೆ ನಿಜವಾಗಿ ಮನದಟ್ಟಾದದ್ದು ಆ ಮಾತಿನಿಂದ. ಪತ್ರಿಕೆಯ ಒಳಪುಟದಲ್ಲಿ ಬೆರಳುದ್ದದ ಸುದ್ದಿ ಬಂತು. ಜನರಲ್ ತನ್ನ ಕಾಂಡೋಗೆ ಮರಳಿದ್ದಾನೆ, ಆರೋಗ್ಯ ಸುಧಾರಿಸುತ್ತಿದೆ.

ಆ ವರ್ಷ ಮಾಘದ ಅಮಾವಾಸ್ಯೆ ಚೀನೀ ಹೊಸವರ್ಷದ ದಿನವೇ ಬಿತ್ತು. ಕಾರಿಡಾರಿನುದ್ದಕ್ಕೂ ಬಾಗಿಲುಗಳ ಮೇಲೆ ಕೆಂಪು ಕಾಗದ. ಕೆಳಗೆ ಸಿಂಹ ಕುಣಿಸುವವರ ಡೋಲು ಬೆಳಿಗ್ಗೆಯಿಂದಲೇ ಶುರುವಾಗಿತ್ತು. ಸಂಕೇತ್ ಸ್ನಾನ ಮಾಡಿ, ಪಂಚೆ ಉಟ್ಟು, ಲ್ಯಾಪ್‌ಟಾಪನ್ನು ಮಣೆಯ ಎದುರಿಗಿಟ್ಟು, ಎಳ್ಳು ಎಲ್ಲಿದೆ ಎಂದು ಅಡುಗೆಮನೆಗೆ ಬಂದ. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ವಡೆಗೆ ಹಿಟ್ಟು ರುಬ್ಬಿರಲಿಲ್ಲ. ನಿರುಪಮಾ ಈರುಳ್ಳಿ ಹೆಚ್ಚುತ್ತಿದ್ದಳು.

ಶ್ರಾದ್ಧದ ದಿನ ಈರುಳ್ಳಿ! ಗಗನಾ ಓಡಿಬಂದಳು.

"ಅಮ್ಮಾ, ಏನ್ ಮಾಡ್ತಿದೀಯಾ? ಹತ್ತು ಗಂಟೆಗೆ ಶಾಸ್ತ್ರಿಗಳು ಲಾಗಿನ್ ಆಗ್ತಾರೆ."

"ಬೇಡ ಅಂತ ಹೇಳ್ಬಿಡು."

"ಯಾಕೆ?"

"ಸತ್ತಿದಾರೋ ಇಲ್ವೋ ಗೊತ್ತಿಲ್ಲ ಅಂತ ಹೇಳಿ ಬಂದಿದೀನಲ್ಲ."

"ಅದು ಆ ಲಾಯರ್ ಟ್ರ್ಯಾಪ್ ಮಾಡಿದ್ದಮ್ಮಾ! ಅದಕ್ಕೂ ಇದಕ್ಕೂ ಏನ್ ಸಂಬಂಧ? ಅಪ್ಪ ಇಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

"ಪ್ರಮಾಣ ಮಾಡಿ ಹೇಳಿದೀನಿ ಕಣೇ. ಅಲ್ಲಿ ಗೊತ್ತಿಲ್ಲ ಅಂದು ಇಲ್ಲಿ ಬಂದು ಪಿಂಡ ಇಟ್ರೆ, ಎರಡರಲ್ಲಿ ಒಂದು ಸುಳ್ಳಾಗತ್ತೆ. ಅಲ್ಲಿ ಹೇಳಿದ್ದು ಸುಳ್ಳಾಗೋದಾದ್ರೆ ಅಲ್ಲೇ ಗೊತ್ತು ಅಂದ್ಬಿಡಬಹುದಿತ್ತು. ಆ ಮುದುಕ ಹಾಗಾದ್ರೂ ಸಿಕ್ಕಿಹಾಕ್ಕೊಳ್ತಿದ್ನೋ ಏನೋ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಈರುಳ್ಳಿಯಿಂದಲ್ಲ ಎಂದು ಮೂವರಿಗೂ ಗೊತ್ತಿತ್ತು.

ಸಂಕೇತ್ ಒಳಗೆ ಹೋಗಿ ಪಂಚೆ ಬಿಚ್ಚಿ ಪ್ಯಾಂಟು ಹಾಕಿಕೊಂಡು ಬಂದ. ಲ್ಯಾಪ್‌ಟಾಪ್ ಮುಚ್ಚಿದ. ಪಕ್ಕದ ಮನೆಯ ಚೀನೀ ಆಂಟಿ ಹಬ್ಬದ ರೂಢಿಯಂತೆ ಎರಡು ಕಿತ್ತಳೆ ತಂದು, ನಿರುಪಮಾಳ ಎರಡೂ ಕೈಗೆ ಕೊಟ್ಟು, ಹೊಸವರ್ಷದ ಶುಭಾಶಯ ಹೇಳಿಹೋದಳು. ನಿರುಪಮಾ ನಕ್ಕು, ಅವಳ ಕೈಗೂ ಎರಡು ಕಿತ್ತಳೆ ಕೊಟ್ಟು ಕಳಿಸಿದಳು.

ಆಮೇಲೆ ಸ್ಟೂಲಿನ ಮೇಲೆ ಹತ್ತಿ ಶ್ರೀಕಂಠನ ಫೋಟೋ ಕೆಳಗಿಳಿಸಿದಳು. ಮೂವತ್ತೆಂಟು ವರ್ಷದ ಮುಖ, ದಪ್ಪ ಫ್ರೇಮಿನ ಕನ್ನಡಕ. ಶ್ರೀಗಂಧದ ಹಾರವನ್ನು ತೆಗೆದು ಸುರುಳಿ ಸುತ್ತಿ ಡ್ರಾಯರಿನಲ್ಲಿಟ್ಟಳು. ಹಾರ ಕೂತಿದ್ದ ಕಡೆ ಗಾಜಿನ ಮೇಲೆ ಒಂದು ಗುರುತು ಬಿದ್ದಿತ್ತು. ಸೆರಗಿನಿಂದ ಎಷ್ಟು ಒರೆಸಿದರೂ ಅದು ಪೂರ್ತಿ ಹೋಗಲಿಲ್ಲ. ಹಾಗೇ ತೂಗುಹಾಕಿದಳು.

ಮಧ್ಯಾಹ್ನ ಅವಳು ಮೇಜಿನ ಮೇಲೆ ನಾಲ್ಕು ತಟ್ಟೆ ಹಾಕಿದಳು. ಯಾರೋ ಬರುವವರಿದ್ದಾರೆ ಎಂದುಕೊಂಡು ಸಂಕೇತ್ ಕೋಣೆಯಿಂದ ಇನ್ನೊಂದು ಕುರ್ಚಿ ತಂದಿಟ್ಟ. ಗಗನಾ ನಾಲ್ಕನೆಯ ತಟ್ಟೆಯನ್ನು ನೋಡಿದವಳು ಅಮ್ಮನ ಮುಖ ನೋಡಲಿಲ್ಲ. ಮೈಸೂರಿನ ಆ ಮನೆಯಲ್ಲಿ ಬೆಳೆದವಳು ಅವಳು. ನಿರುಪಮಾ ನಾಲ್ಕಕ್ಕೂ ಬಡಿಸಿದಳು. ಅನ್ನ, ಈರುಳ್ಳಿ ಹುಳಿ, ಹುರುಳಿಕಾಯಿ ಪಲ್ಯ. ಮೂವರೂ ತಲೆ ತಗ್ಗಿಸಿ ಉಂಡರು. ಕೆಳಗೆ ಡೋಲು ಜೋರಾಗಿ ಬಡಿದು, ಮೆಲ್ಲಗಾಗಿ, ಮುಂದಿನ ಬ್ಲಾಕಿನ ಕಡೆ ಹೋಯಿತು.

ಸಂಜೆ ಐದರ ಹೊತ್ತಿಗೆ ಗಗನಾ ನೀರು ಕುಡಿಯಲು ಹೊರಗೆ ಬಂದಳು. ಅಮ್ಮ ದೀಪ ಹಾಕದೆ ಮೇಜಿನ ಹತ್ತಿರ ಕೂತಿದ್ದಳು. ನಾಲ್ಕನೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಪಲ್ಯವನ್ನು ಅಂಚಿಗೆ ಸರಿಸಿ, ತಣಿದು ಗಟ್ಟಿಯಾದ ಅನ್ನವನ್ನು ಬೆರಳಿನಿಂದ ಬಿಡಿಸಿ, ಮಜ್ಜಿಗೆ ಸುರಿದುಕೊಂಡು ಕಲಸುತ್ತಿದ್ದಳು.